ರಟ್ಟರನ ಮೂಗಿನ ಹೊಲಿಗೆ

ಎಬನ್ ರಟ್ಟರನ ಮೂಗಿನ ಮೇಲಿದ್ದ ತೂತಿನ ಗುರುತನ್ನು ನೋಡಿ ನಗದವರು ಇಂಗ್ಲೆಂಡಿನ ಸಂಡರ್ಲೆಂಡ್ ಬಂದರಿನಲ್ಲಿ ಇರಲಿಲ್ಲ. 'ಫೀಬಿ ಡನ್' ಎಂಬ ಹಾಯಿಹಡಗು ಕಲ್ಲಿದ್ದಲು ಹೇರಿಕೊಂಡು ಚಿಲಿಗೆ ಹೋಗಿ ತಾಮ್ರದ ಅದಿರು ತರುತ್ತಿದ್ದಷ್ಟು ಕಾಲವೂ ಅದರ ಹಾಯಿ ಹೊಲಿದವನು ಅವನೇ. ಕಡಲಲ್ಲಿ ಯಾರಾದರೂ ಸತ್ತರೆ ಹೆಣವನ್ನು ಹಳೇ ಹಾಯಿಬಟ್ಟೆಯಲ್ಲಿಟ್ಟು ಹೊಲಿಯುವ ಕೆಲಸವೂ ಅವನದೇ. ನಾವಿಕರ ಪದ್ಧತಿಯಂತೆ ಕೊನೆಯ ಹೊಲಿಗೆ ಹೆಣದ ಮೂಗಿನ ಮೂಲಕ ಹಾಯಬೇಕು. ಜೀವವಿದ್ದರೆ ಎದ್ದು ಬೈಯಲಿ ಎಂದು. ರಟ್ಟರ್ ಅದನ್ನು ಎಂದೂ ತಪ್ಪಿಸಿದವನಲ್ಲ. ಬೈಸಿಕೊಳ್ಳುವ ಭಾಗ್ಯ ಮಾತ್ರ ಅವನಿಗೆ ಬಂದಿರಲಿಲ್ಲ.

ಅವನಿಗೂ ಅಡಿಗೆಯ ಕಟ್ಬರ್ಟನಿಗೂ ಎಣ್ಣೆ ಸೀಗೆಕಾಯಿ. ಭಾನುವಾರ ಒಣದ್ರಾಕ್ಷಿಯ ಕಡುಬು ಬಂತೆಂದರೆ ಜಗಳ ಶುರು.

"ಲೋ, ಇದರಲ್ಲಿ ದ್ರಾಕ್ಷಿ ಎಲ್ಲೋ? ಇರ್ಲಿ ಬಿಡು, ಹಡಗು ಸೋರಿದ್ರೆ ತೂತು ಮುಚ್ಚೋಕಾಗುತ್ತೆ."

"ಮುಚ್ಚಪ್ಪ. ನಿನ್ನ ಬಾಯಿಂದ್ಲೇ ಶುರು ಮಾಡು."

ಒಮ್ಮೆ ಕೇಪ್ ಹಾರ್ನ್ ಸುತ್ತುವಾಗ ರಟ್ಟರನಿಗೆ ಜ್ವರ ಏರಿತು. ಬೆಳಿಗ್ಗೆ ನೋಡಿದರೆ ಮೈ ತಣ್ಣಗೆ, ಉಸಿರಿಲ್ಲ. ಕಪ್ತಾನ ಕೈ ಹಿಡಿದು ನೋಡಿ, ಮುಗೀತು ಎಂದ. ಇನ್ನು ದಬ್ಬಳ ಹಿಡಿಯಬಲ್ಲವನು ಕಟ್ಬರ್ಟ್ ಒಬ್ಬನೇ, ಹಿಟ್ಟಿನ ಮೂಟೆ ಹೊಲಿದು ಪಳಗಿದ ಕೈ.

"ಮೂಗಿಗೆ ಗೀಗಿಗೆಲ್ಲ ಚುಚ್ಚಬೇಡ, ನೋಡೋಕಾಗಲ್ಲ," ಎಂದ ಕಪ್ತಾನ.

"ಆಗ್ಲಿ ಸ್ವಾಮಿ."

ಕಪ್ತಾನ ಪ್ರಾರ್ಥನೆಯ ಪುಸ್ತಕ ತರಲು ಒಳಗೆ ಹೋದ. ಕಾಲಿನಿಂದ ಕುತ್ತಿಗೆಯವರೆಗೆ ಹೊಲಿದಾಯಿತು. ಇಷ್ಟು ವರ್ಷ ತನ್ನ ಕಡುಬಿಗೆ ಮುರಿದ ಮೂಗು ಇದೇ ಅಲ್ಲವೇ ಎಂದು ಕಟ್ಬರ್ಟನಿಗೆ ಅನಿಸಿತು. ಇಂಥ ಅವಕಾಶ ಮತ್ತೆ ಸಿಕ್ಕೀತೇ? ಮನಸಾರೆ ಚುಚ್ಚಿದ.

"ಅಯ್ಯೋ ಪಾಪಿ," ಎನ್ನುತ್ತ ಹೆಣ ಎದ್ದು ಕೂತಿತು. ಮೈಮೇಲಿನ ಬಟ್ಟೆ ನೋಡಿಕೊಂಡು ಹೇಳಿತು: "ಇದೇನೋ ಸೊಟ್ಟ ಹೊಲಿಗೆ? ಇದರಲ್ಲಿ ನನ್ನ ಕಡಲಿಗೆ ಹಾಕ್ತಿದ್ಯಾ?"

ಪುಸ್ತಕ ಹಿಡಿದು ಬಂದ ಕಪ್ತಾನ ಬಂದ ದಾರಿಯಲ್ಲೇ ವಾಪಸು ಹೋದ.

ಹಡಗು ಗುಜರಿಗೆ ಹೋದ ಮೇಲೆ ಇಬ್ಬರೂ ಒಂದೇ ಬೀದಿಯಲ್ಲಿ ಮನೆ ಮಾಡಿದರು. ಭಾನುವಾರ ಬಂದರೆ ರಟ್ಟರ್ ಕಟ್ಬರ್ಟನ ಕಡುಬು ತಿಂದು, ಆ ಸೊಟ್ಟ ಹೊಲಿಗೆಯನ್ನು ಆಡಿಕೊಂಡು ಹೋಗುತ್ತಿದ್ದ. ಒಂದು ಚಳಿಗಾಲ ಹಾಸಿಗೆಯಲ್ಲೇ ತೀರಿಕೊಂಡ. ಪಾದ್ರಿ ಬಂದಾಗ ಕಟ್ಬರ್ಟ್ ದಬ್ಬಳಕ್ಕೆ ದಾರ ಪೋಣಿಸುತ್ತಿದ್ದ.

"ಏನಪ್ಪಾ ಇದು? ವೈದ್ಯರು ನೋಡಿ ಹೇಳಿ ಆಯ್ತಲ್ಲ," ಎಂದರು ಪಾದ್ರಿ.

"ಹೋದ್ಸಲ ಕಪ್ತಾನ್ರೂ ನೋಡೇ ಹೇಳಿದ್ರು ಸ್ವಾಮಿ."

ಹಳೇ ಗುರುತಿನಲ್ಲೇ, ಈ ಸಲ ಮೆಲ್ಲಗೆ, ಬೇಕೆಂದೇ ಸೊಟ್ಟಗೆ ಒಂದು ಹೊಲಿಗೆ ಹಾಕಿದ. ಕುರ್ಚಿ ಎಳೆದುಕೊಂಡು ಕೂತ.

"ಬೈಯೋ ಮಾರಾಯ," ಎಂದ. ಸಂಜೆಯವರೆಗೂ ಕಾದ.