ಹಾಲ್ಕುರಿಕೆಗೆ ಹೊರಟ ಗೆಣಸಿನ ಬಳ್ಳಿ

ಮೋಡ ಕವಿದ ಒಂದು ಬೆಳಿಗ್ಗೆ ಒದ್ದೆ ಗೋಣಿಚೀಲದಲ್ಲಿ ಸಿಹಿಗೆಣಸಿನ ಬಳ್ಳಿ ಸುತ್ತಿಕೊಂಡು ತುರುವೇಕೆರೆಯಲ್ಲಿ ತಿಪಟೂರಿನ ಬಸ್ಸು ಹತ್ತಿದೆ. ಕೈಚೀಲದಲ್ಲಿ ನಾಲ್ಕಾರು ಗೆಣಸೂ ಇದ್ದವು. ನಮ್ಮ ಹಿತ್ತಲಿನ ಈ ಗೆಣಸಿನ ಒಳಗೆಲ್ಲ ಕಿತ್ತಳೆ ಬಣ್ಣ. ಕ್ಯಾರೆಟ್ಟಿನಂತೆ ಕಣ್ಣಿಗೆ ಒಳ್ಳೆಯದು. ಹಾಲ್ಕುರಿಕೆಯ ಅಂಗನವಾಡಿಯಲ್ಲಿ ಅಡುಗೆ ಮಾಡುವ ಗೆಳತಿ ಗಂಗಮ್ಮ, "ಮಕ್ಳು ಸೊಪ್ಪು ಕಂಡ್ರೆ ತಟ್ಟೆ ತಳ್ತಾವೆ ಕಣೇ. ಸಿಹಿಯಾದ್ರೆ ತಿಂತಾವೇನೋ, ಬಳ್ಳಿ ತಗೊಂಬಾ" ಎಂದು ಫೋನು ಮಾಡಿದ್ದಳು. ತೆಂಗಿಗೆ ನೆಲದ ಸಾರ ಕಡಿಮೆಯಾಗುತ್ತದೆಂದು ಹಟ ಹಿಡಿದಿದ್ದ ಅವಳ ಗಂಡ ರಾಜಣ್ಣ ಕೊನೆಗೂ ಮರಗಳ ನಡುವೆ ಜಾಗ ಬಿಟ್ಟುಕೊಟ್ಟಿದ್ದರು. ಮಧ್ಯಾಹ್ನ ಪಂಪಿಗೆ ಕರೆಂಟು ಬಂದಾಗಲೇ ನೆಡಬೇಕಿತ್ತು.

ಆಧಾರ್ ತೋರಿಸಿ ಕಾಸಿಲ್ಲದ ಟಿಕೆಟ್ ಪಡೆದೆ. ಕಂಡಕ್ಟರ್ ಗೋಣಿಚೀಲ ನೋಡಿ, "ಇದಕ್ಕೂ ಆಧಾರ್ ಐತೇನಮ್ಮ?" ಎಂದರು. ಬಸ್ಸಿನವರೆಲ್ಲ ನಕ್ಕರು.

ತಿಪಟೂರಿನಲ್ಲಿ ಗೋಣಿಚೀಲವನ್ನು ಟೈಲರ್ ಅಂಗಡಿಯ ಮೆಟ್ಟಿಲ ಮೇಲಿಟ್ಟು, ಮುಂದಿನ ಬಸ್ಸು ವಿಚಾರಿಸಿ ಬರುವಷ್ಟರಲ್ಲಿ ಮೇಕೆಯೊಂದು ಅರ್ಧ ಬಳ್ಳಿ ಮೇದಿತ್ತು! ನನಗೆ ಅಳುವೇ ಬಂತು. ಹೊಲಿಗೆ ಬಿಟ್ಟು ಓಡಿಬಂದ ಟೈಲರ್ ಸಾಹೇಬರು, "ಅಯ್ಯೋ, ನಮ್ದೇ ಮೇಕೆ. ತಪ್ಪಾಯ್ತು ಕಣಮ್ಮ" ಎನ್ನುತ್ತಾ ಅದನ್ನು ಎಳೆದು ಕಟ್ಟಿದರು. ಉಳಿದ ಬಳ್ಳಿಗೆ ಬಟ್ಟೆಯ ತುಂಡುಗಳನ್ನು ನೆನೆಸಿ ಸುತ್ತಿಕೊಟ್ಟು, ಬಸ್ಸಿನವರೆಗೂ ತಾವೇ ಹೊತ್ತು ತಂದರು.

ಹಾಲ್ಕುರಿಕೆಯಲ್ಲಿ ಇಳಿದು ಅಳುಕುತ್ತಲೇ ನಡೆದದ್ದನ್ನು ಹೇಳಿದೆ. "ಮೇಕೆಗೂ ಕಣ್ಣು ಚೆನ್ನಾಗಿರ್ಲಿ ಬುಡು" ಎಂದು ಗಂಗಮ್ಮ ನಕ್ಕಳು.

ನಾನು ತಂದಿದ್ದ ಗೆಣಸನ್ನು ಅವಳು ಅಂಗನವಾಡಿಯಲ್ಲಿ ಬೇಯಿಸಿ, ಮಕ್ಕಳ ಊಟದ ಜೊತೆ ಬಡಿಸಿದಳು. ಎರಡು ಜಡೆಯ ಹುಡುಗಿಯೊಬ್ಬಳು ಮೂಸಿ ನೋಡಿ ಬಾಯಿ ಬಿಗಿದಳು. ನಾವಿಬ್ಬರೂ ಅವಳನ್ನೇ ನೋಡುತ್ತಾ ನಿಂತೆವು. ಅವಳು ತುದಿ ನೆಕ್ಕಿದಳು, ಕಚ್ಚಿದಳು, ಆಮೇಲೆ ಪಕ್ಕದವನ ತಟ್ಟೆಗೇ ಕೈಹಾಕಿದಳು. ಅವನು ಕಿರುಚಿಕೊಂಡ. ಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದಳು.

ನಮಗೆ ಗಂಗಮ್ಮನ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಉಂಡು ಏಳುವಷ್ಟರಲ್ಲಿ ಕರೆಂಟು ಬಂತು. ತೋಟದಲ್ಲಿ ಬಳ್ಳಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ನೆಟ್ಟರೂ ಅರ್ಧ ಜಾಗಕ್ಕಷ್ಟೇ ಸಾಕಾಯಿತು. ನಾನು ಸಪ್ಪಗಾದೆ. ರಾಜಣ್ಣ ನೀರು ತಿರುಗಿಸುತ್ತಾ, "ಇದೇ ಹಬ್ಬಿದ ಮೇಲೆ ಕತ್ತರಿಸಿ ಆ ಕಡೆಗೂ ಹಾಕಾನ ಬುಡಿ" ಎಂದರು.

ಸಂಜೆ ವಾಪಸು ಹೊರಟಾಗ ಬಸ್ಸು ಅವರ ತೋಟದ ಪಕ್ಕ ನಿಧಾನವಾಯಿತು. ತೆಂಗಿನಕಾಯಿ ಕೇಳಲು ಬಂದವನೇನೋ, ಒಬ್ಬ ಬೇಲಿ ದಾಟುತ್ತಿದ್ದ. ಕೆಸರುಗಾಲಲ್ಲಿ ನಿಂತಿದ್ದ ರಾಜಣ್ಣನ ಕೂಗು ನನ್ನ ಕಿಟಕಿಯವರೆಗೂ ಕೇಳಿತು: "ಆ ಕಡೆಯಿಂದ ಬಾರ್ಲಾ! ಇಲ್ಲಿ ಗೆಣಸು ನೆಟ್ಟೀವಿ!"