ಚಿಕ್ಕಮ್ಮನ ತುಟಿಯ ಗುಳ್ಳೆ

ನಮ್ಮ ಚಿಕ್ಕಪ್ಪ ಟೈಲರ್. ಬೀದಿಗೆ ಬಾಗಿಲಿರುವ ಒಂದೇ ಕೋಣೆಯ ಅಂಗಡಿ. ಅವನು ಹೊಲಿಗೆ ಮಿಷನ್ನಿನ ಮುಂದೆ, ಚಿಕ್ಕಮ್ಮ ಪಕ್ಕದ ಸ್ಟೂಲಿನ ಮೇಲೆ. ಚಾಳೀಸು ಬಂದ ಮೇಲೆ ಸೂಜಿಗೆ ದಾರ ಪೋಣಿಸುವುದು ಅವನ ಕೈಲಾಗುತ್ತಿರಲಿಲ್ಲ. ಚಿಕ್ಕಮ್ಮ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸಿ ಕೊಡುತ್ತಿದ್ದಳು. ಅವನು ಹೊಲಿದು ಹಲ್ಲಿನಿಂದ ಕಡಿಯುತ್ತಿದ್ದ. ಕತ್ತರಿ ಮೂಗಿನ ಕೆಳಗೇ ಇದ್ದರೂ ಪುಣ್ಯಾತ್ಮನಿಗೆ ಹಲ್ಲೇ ಬೇಕು.

ಸ್ವಲ್ಪ ಜ್ವರ ಬಂದರೂ ಸಾಕು, ಚಿಕ್ಕಮ್ಮನ ಕೆಳತುಟಿಯಲ್ಲಿ ಗುಳ್ಳೆ ಏಳುತ್ತಿತ್ತು. ಮದುವೆಯಾದ ಮೇಲೆ ಚಿಕ್ಕಪ್ಪನಿಗೂ ಏಳತೊಡಗಿತು. “ಮಾವ ಕೊಟ್ಟ ಉಡುಗೊರೆ ಇದೊಂದೇ,” ಎಂದು ಗಿರಾಕಿಗಳೆದುರೇ ತಮಾಷೆ ಮಾಡುತ್ತಿದ್ದ. ಚಿಕ್ಕಮ್ಮ ಸ್ಕೇಲು ತೋರಿಸಿ ಬಾಯಿ ಮುಚ್ಚಿಸುತ್ತಿದ್ದಳು.

ಒಂದು ದಿನ ಯಾರದೋ ಕೋಟಿಗೆ ಎರಡೂ ಬಲತೋಳುಗಳನ್ನೇ ಕತ್ತರಿಸಿ ಕುಳಿತ. ಒಂದು ತೋಳಾದ ಮೇಲೆ ಅಳತೆಯ ರಟ್ಟನ್ನು ಮಗುಚಿ ಹಾಕಬೇಕು; ಹೊಸದಾಗಿ ಕಲಿಯುವವರು ಮಾಡುವ ತಪ್ಪದು. ನಾವು ನಕ್ಕೆವು, ಅವನೂ ನಕ್ಕ. ಮುಂದಿನ ಕೋಟಿಗೂ ಹಾಗೇ ಮಾಡಿದಾಗ ಯಾರೂ ನಗಲಿಲ್ಲ. ಅಷ್ಟರಲ್ಲಿ ಅವನಿಗೆ ಮನೆಯ ದಾರಿಯೂ ತಪ್ಪತೊಡಗಿತ್ತು.

ಆಸ್ಪತ್ರೆಗೆ ನಾನೂ ಹೋಗಿದ್ದೆ. ಮರೆವಿನ ಕಾಯಿಲೆ, ವಾಸಿಯಾಗುವುದಿಲ್ಲ ಅಂದರು. ಹೊರಡುವಾಗ ಚಿಕ್ಕಮ್ಮ, “ಈ ಗುಳ್ಳೆಗೂ ಏನಾದ್ರೂ ಕೊಡಿ ಡಾಕ್ಟ್ರೇ,” ಅಂದಳು. ಡಾಕ್ಟರು ಒಳ್ಳೆಯವರು, ಅದೇ ಎಡವಟ್ಟಾಯಿತು. ಎಲ್ಲವನ್ನೂ ಬಿಡಿಸಿ ಹೇಳಿದರು.

“ಈ ಗುಳ್ಳೆ ತರೋ ವೈರಸ್ ಒಂದ್ಸಲ ಮೈಗೆ ಸೇರಿದ್ರೆ ಸಾಯೋವರೆಗೂ ನರದೊಳಗೆ ಅಡಗಿರುತ್ತಮ್ಮ. ಮರೆವಿಗೂ ಇದಕ್ಕೂ ನಂಟಿದೆಯಾ ಅಂತ ಈಗ ಹುಡುಕ್ತಿದಾರೆ. ಇನ್ನೂ ಖಚಿತವಾಗಿಲ್ಲ. ಎಷ್ಟೋ ಜನರಲ್ಲಿ ಇದು ಇರುತ್ತೆ, ಅವರಿಗೆಲ್ಲ ಮರೆವು ಬರಲ್ಲ.”

ಚಿಕ್ಕಮ್ಮನ ಕಿವಿಗೆ ಬಿದ್ದದ್ದು ನಂಟು ಅನ್ನುವುದೊಂದೇ. “ನಾನೇ ಕೊಟ್ಟಿದ್ದು,” ಅಂದಳು.

“ಸುಮ್ನಿರು ಚಿಕ್ಕಮ್ಮ! ಡಾಕ್ಟ್ರು ಹಾಗಂದ್ರಾ? ಅವನಿಗೆ ಚಿಕ್ಕಂದಿನಲ್ಲೇ ಬಂದಿರಬಹುದು.”

“ಬಂದಿರಬಹುದು. ಬಂದಿಲ್ದೇನೂ ಇರಬಹುದು.”

ನನಗೆ ಮೈಯೆಲ್ಲ ಉರಿಯಿತು, ಯಾರ ಮೇಲೆ ಅಂತ ಮಾತ್ರ ಗೊತ್ತಾಗಲಿಲ್ಲ.

ಚಿಕ್ಕಪ್ಪ ಮನಸಾರೆ ಕ್ಷಮಿಸಿದರೆ ಸಾಕು ಅಂತ ಅವಳಿಗೆ. ಕೈ ಹಿಡಿದುಕೊಂಡು ಎಲ್ಲ ಹೇಳಿದಳು. “ಅಯ್ಯೋ ಹುಚ್ಚಿ, ಬಿಡೆ ಅತ್ಲಾಗೆ,” ಅಂದ. ಅವಳ ಮುಖ ಗೆಲುವಾಯಿತು. ಮರುದಿನ ಅವನಿಗೆ ಆ ಮಾತೇ ನೆನಪಿರಲಿಲ್ಲ. ಕೊಟ್ಟವನಿಗೇ ನೆನಪಿಲ್ಲದ ಕ್ಷಮೆ ಅವಳಿಗೆ ಸಾಲಲಿಲ್ಲ, ಮತ್ತೆ ಹೇಳಿದಳು. ಆಮೇಲೆ ದಿನಾ ಅದೇ ಆಯಿತು. ನಾನು ಬೈದೆ, ಬೇಡಿಕೊಂಡೆ. ಕೇಳಬೇಕಲ್ಲ ಮಹಾತಾಯಿ!

ಮೊನ್ನೆ ಹೋದಾಗ ನನ್ನೆದುರೇ ಶುರು ಮಾಡಿದಳು. ಈ ಸಲ ಅವನು ಬಿಡೆ ಅನ್ನಲಿಲ್ಲ. ಅವಳನ್ನೇ ದಿಟ್ಟಿಸಿದ.

“ಹಾಗಾದ್ರೆ ನನ್ನ ತಲೆ ಹಾಳು ಮಾಡಿದ್ದು ನೀನಾ? ನಾನೇನು ಮಾಡಿದ್ದೆ ನಿಂಗೆ?”

ಕೈಯಲ್ಲಿದ್ದ ಕಾಫಿ ಆರುವಷ್ಟರಲ್ಲಿ ಅವನಿಗೆ ಅದೂ ಮರೆತುಹೋಯಿತು. ಚಿಕ್ಕಮ್ಮ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಅವನು ಗಾಬರಿಯಿಂದ ಎದ್ದು ಅವಳ ಬೆನ್ನು ಸವರಿದ.

“ಯಾಕೆ ಅಳ್ತಿದೀಯೆ? ಯಾರು ಏನಂದ್ರು ನಿಂಗೆ?” ನನ್ನ ಕಡೆ ತಿರುಗಿ ಗದರಿದ. “ನೀನೇನಾದ್ರೂ ಅಂದ್ಯೇನೋ?”

“ಹೌದು ಚಿಕ್ಕಪ್ಪ, ನಾನೇ,” ಅಂದೆ.