ಒಳ್ಳೆಯ ಕಣ್ಣಿಗೆ ಪಟ್ಟಿ

ಡಾಕ್ಟರು ಬರುವ ದಿನ ಜಡ್ಡಿನ ಹುಡುಗರನ್ನು ಬಚ್ಚಿಡುವ ಬುದ್ಧಿವಂತರು ಬೇರೆ ಊರಲ್ಲಿ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಓಣಿಯಲ್ಲಿ ಇದ್ದಾರೆ. ಮದುವೆಯಾಗಿ ಕಮರಿಪೇಟೆಗೆ ಬಂದಾಗಿನಿಂದ ನಾನು ಎಷ್ಟೋ ಮೂರ್ಖರನ್ನು ನೋಡಿದ್ದೇನೆ. ಇಂಥವರು ಸಿಕ್ಕಿದ್ದು ಮಾತ್ರ ಈಗ, ಎಲ್ಲರೂ ಸಾಲಿ ಕಲಿತ ಮೇಲೆ.

ಸರಕಾರದ ಡಾಕ್ಟರು ಗಾಡಿಯಲ್ಲಿ ಅಂಗನವಾಡಿಗೆ ಬಂದು ಮಕ್ಕಳ ಕಣ್ಣು, ಕಿವಿ, ಹಲ್ಲು, ತೂಕ ನೋಡಿ ಹೋಗುತ್ತಾರೆ. ಅದರ ಹಿಂದಿನ ದಿನ ಅಂಗನವಾಡಿಯ ಅಕ್ಕೋರು ಮನೆಮನೆಗೆ ಬಂದಳು.

"ನಾಳಿ ಡಾಕ್ಟರ್ ಬರ್ತಾರ್ರಿ. ಹುಡುಗರಿಗೆ ಛಂದಂಗ ಎರದು, ಪೌಡರ್ ಹಚ್ಚಿ ಕಳಸ್ರಿ. ಕಿವಿ ಸೋರಾವು, ಕೆಮ್ಮಾವು, ಸೊರಗಿದಾವು ಇದ್ರ ಮನ್ಯಾಗ ಇರಲಿ. ಸಾಹೇಬ್ರು ನೋಡಿದ್ರ ನನಗ ಬೈತಾರ."

ಸಂತೆಗೆ ಬದನೆಕಾಯಿ ಆರಿಸಿದ ಹಾಗೆ. ಹುಳುಕು ಮನೆಗೆ, ನುಣ್ಣಗಿರುವುದು ಬುಟ್ಟಿಗೆ. ತಾಯಂದಿರೂ ಹೂಂ ಹೂಂ ಎಂದು ತಲೆಯಾಡಿಸಿದರು. ಕೂಸಿಗೆ ಊನ ಇದೆ ಎಂದು ನಾಲ್ಕು ಜನರೆದುರು ಡಾಕ್ಟರು ಹೇಳಿಬಿಟ್ಟರೆ ಇವರ ಮಾನ ಹೋಗುತ್ತದಂತೆ.

ನನ್ನ ಮೊಮ್ಮಗಳದು ಮೆಳ್ಳಗಣ್ಣು. ಎಡಗಣ್ಣಿನ ಗುಡ್ಡೆ ಮೂಗಿನ ಕಡೆಗೆ ತಿರುಗಿಕೊಂಡೇ ಇರುತ್ತದೆ. ಆಗಿನ್ನೂ ನಾಲ್ಕು ವರ್ಷದವಳು. ಮೆಳ್ಳಗಣ್ಣು ಅದೃಷ್ಟ ಎಂದು ಓಣಿಯವರೆಲ್ಲ ಗಲ್ಲ ಚಿವುಟಿ ಹೋಗುತ್ತಿದ್ದರು. ಸೊಸೆ ಅದನ್ನೇ ಹಿಡಿದುಕೊಂಡಿದ್ದಳು.

"ಅತ್ತೀ, ನಾಳಿ ಈಕಿ ಮನ್ಯಾಗ ಇರಲ್ರಿ. ಅದೃಷ್ಟದ ಕಣ್ಣು ಅದು. ಡಾಕ್ಟರ್ ಏನರ ಅಂದ್ರ ಓಣ್ಯಾಗೆಲ್ಲಾ ಸುದ್ದಿ ಆಗತೈತಿ."

"ಅದೃಷ್ಟ ಇದ್ರ ಯಾಕ ಮುಚ್ಚಿಡ್ತಿ? ಓಣಿ ಮಂದಿ ಏನ್ ಕುರುಡರೇನು? ದಿನಾ ನೋಡ್ತಾರಲ್ಲ."

ಆಕೆ ಪಾತ್ರೆ ಕುಕ್ಕಿದಳು. ನನ್ನ ಮಗ ಟೀವಿಯ ಧ್ವನಿ ಏರಿಸಿದ. ಮನೆಯಲ್ಲಿ ಮಾತು ಬೆಳೆದಾಗಲೆಲ್ಲ ಅವನು ತೋರಿಸುವ ಗಂಡಸುತನ ಅದೊಂದೇ.

ಮರುದಿನ ನಾನೇ ಹುಡುಗಿಯ ಕೈ ಹಿಡಿದು ನಡೆದೆ. ಪೌಡರು ಹಚ್ಚಲಿಲ್ಲ. ಬಾಗಿಲಲ್ಲೇ ಅಕ್ಕೋರು ಅಡ್ಡ ನಿಂತಳು. "ಆಯೀ, ಈಕಿನ್ನ ಯಾಕ ತಂದ್ರಿ?"

"ಡಾಕ್ಟರ್ ನೋಡಾಕ ಬಂದಾರಲ್ಲ, ನಿನ್ನ ಸೀರಿ ನೋಡಾಕ ಬಂದಾರೇನು? ಸರಿ ಆಕಡೆ."

ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮಾತು ಬೆಂಗಳೂರು ಕಡೆಯದು. ಗುಂಡುಗುಂಡಾದ ಮಕ್ಕಳನ್ನು ನೋಡಿ, "ಎಲ್ಲರೂ ಆರೋಗ್ಯವಾಗಿದ್ದಾರೆ, ತುಂಬಾ ಸಂತೋಷ" ಅನ್ನುತ್ತಿದ್ದಳು. ಸಂತೋಷಕ್ಕೇನು ಕಡಿಮೆ? ಉಳಿದ ಮಕ್ಕಳೆಲ್ಲಿ ಎಂದು ಮಾತ್ರ ಆಕೆ ಕೇಳಲಿಲ್ಲ.

ನನ್ನ ಮೊಮ್ಮಗಳ ಎಡಗಣ್ಣಿಗೆ ಆಕೆ ಅಂಗೈ ಅಡ್ಡ ಹಿಡಿದಳು. ಹುಡುಗಿ ಸುಮ್ಮನೆ ಕೂತಿತ್ತು. ಬಲಗಣ್ಣಿಗೆ ಹಿಡಿದದ್ದೇ ತಡ, ಚೀರಿ ಆಕೆಯ ಕೈ ಕಿತ್ತೊಗೆಯಿತು. ಡಾಕ್ಟರಮ್ಮನ ನಗು ಹೋಯಿತು.

"ಅಜ್ಜೀ, ಎಡಗಣ್ಣು ನೋಡೋದನ್ನೇ ಬಿಡ್ತಾ ಇದೆ. ಈಗಲೇ ಚಿಕಿತ್ಸೆ ಮಾಡಿದ್ರೆ ಬರುತ್ತೆ. ದೊಡ್ಡವಳಾದ್ಮೇಲೆ ಏನು ಮಾಡಿದ್ರೂ ಬರಲ್ಲ."

ಇದೇ ಅವರ ಅದೃಷ್ಟ.

ದೊಡ್ಡ ಆಸ್ಪತ್ರೆಯಲ್ಲಿ ಚಷ್ಮಾ ಕೊಟ್ಟರು. ಅದರ ಜೊತೆಗೆ, ದಿನವೂ ಕೆಲವು ತಾಸು ಬಲಗಣ್ಣಿಗೆ, ಅಂದರೆ ಒಳ್ಳೆಯ ಕಣ್ಣಿಗೆ, ಪಟ್ಟಿ ಅಂಟಿಸಿ ಎಂದರು. ಅದು ಮುಚ್ಚಿದರೆ ಎಡಗಣ್ಣು ಕೆಲಸ ಕಲಿಯುತ್ತದಂತೆ. ನನಗೆ ಕೂಡಲೇ ತಿಳಿಯಿತು. ಒಂದೇ ಮನೆಯ ಇಬ್ಬರು ಸೊಸೆಯರು, ನೆಗೆಣ್ಣಿಯರು, ಇದ್ದ ಹಾಗೆ. ಒಬ್ಬಳು ದುಡಿಯುವತನಕ ಇನ್ನೊಬ್ಬಳು ಹಾಸಿಗೆ ಬಿಟ್ಟು ಏಳುವುದಿಲ್ಲ. ದುಡಿಯುವವಳನ್ನು ತವರಿಗೆ ಕಳಿಸಿ ನೋಡಿ, ಮೈಗಳ್ಳಿ ತಾನೇ ಎದ್ದು ಒಲೆ ಹಚ್ಚುತ್ತಾಳೆ. ಸೊಸೆಯೂ ಪಕ್ಕದಲ್ಲೇ ನಿಂತು ಕೇಳಿದ್ದಳು. ಕಾಲೇಜು ಕಲಿತವಳು, ತಿಳಿದಿರಬೇಕು ಅಂದುಕೊಂಡೆ.

ಪಟ್ಟಿ ಹಚ್ಚಿದಾಗ ಹುಡುಗಿ ಹೊಸ್ತಿಲಿಗೆ ಎಡವುತ್ತಿತ್ತು, ತಟ್ಟೆ ಬಿಟ್ಟು ನೆಲದ ಮೇಲೆ ಕೈ ಹಾಕುತ್ತಿತ್ತು, ಅಳುತ್ತಿತ್ತು. ಅಳಲಿ ಎಂದು ನಾನು ಬಿಟ್ಟೆ. ಸೊಸೆಗೆ ತಡೆಯಲಿಲ್ಲ. ಬೇಸಿಗೆ ಸೂಟಿ ಬಿದ್ದದ್ದೇ ಹುಡುಗಿಯನ್ನು ಕರೆದುಕೊಂಡು ಉಣಕಲ್ಲಿನ ತವರಿಗೆ ಹೋದಳು. ಪಟ್ಟಿಯ ಡಬ್ಬಿಯನ್ನು ನಾನೇ ಚೀಲಕ್ಕೆ ಹಾಕಿದೆ.

ಸೂಟಿ ಮುಗಿಸಿ ಬಂದ ದಿನ ಹುಡುಗಿ ರಿಕ್ಷಾ ಇಳಿದು, ಕಣ್ಣಿಗೆ ಪಟ್ಟಿ ಇದ್ದ ಹಾಗೆಯೇ, ಕಟ್ಟೆ ಹತ್ತಿ, ಹೊಸ್ತಿಲು ದಾಟಿ, ಸರ್ರನೆ ಓಡಿ ಬಂತು. ಎಲ್ಲೂ ಎಡವಲಿಲ್ಲ. ಗುಣವಾಗಿಬಿಟ್ಟಿತು ಎಂದು ನನ್ನ ಎದೆ ಹಿಗ್ಗಿತು. ಹತ್ತಿರ ಬಂದ ಮೇಲೆ ನೋಡಿದರೆ ಪಟ್ಟಿ ಎಡಗಣ್ಣಿನ ಮೇಲಿತ್ತು.

"ಇದನ್ಯಾರ ಇಲ್ಲಿ ಹಚ್ಚಿದ್ರು?"

ಸೊಸೆ ನೆಲ ನೋಡಿದಳು. "ನಮ್ಮವ್ವ ಹೇಳಿದ್ಲರಿ. ಛಲೋ ಕಣ್ಣಿಗೆ ಯಾರರ ಪಟ್ಟಿ ಹಚ್ತಾರೇನು, ನೀ ಕೇಳಿದ್ದ ತಪ್ಪು ಅಂತ. ಮತ್ತ ಅಲ್ಲಿ ಮದುವಿ ಇತ್ತು. ಮೆಳ್ಳಗಣ್ಣು ಮುಚ್ಚಿದ್ರ ಫೋಟೋದಾಗೂ ಛಂದ ಕಾಣತೈತಿ ಅಂದ್ಲು."

"ಸೂಟಿ ತುಂಬ ಹಿಂಗ ಹಚ್ಚಿದಿ?"

"ಹೂಂ. ಹಿಂಗ ಹಚ್ಚಿದ್ರ ಅಳೂದೂ ಇಲ್ರಿ."

ಅಳುವುದೇಕೆ? ಮೈಗಳ್ಳಿಗೆ ಹಾಸಿಗೆ ಹಾಸಿಕೊಟ್ಟು ಮೇಲೆ ಚಾದರವನ್ನೂ ಹೊದಿಸಿದ್ದರು. ಬೀಗತಿಗೆ ಫೋನು ಹಚ್ಚಿಸಿದೆ. ಆಕೆ ನನಗೇ ಪಾಠ ಹೇಳಿದಳು.

"ಕಾಲು ಮುರದ್ರ ಮುರದ ಕಾಲಿಗೇ ಪಟ್ಟಿ ಕಟ್ತಾರ್ರಿ ಬೀಗತೀ. ಛಲೋ ಕಾಲಿಗೆ ಕಟ್ತಾರೇನು?"

"ನಿಮ್ಮ ಬಾಯಿಗೆ ಕಟ್ಟಬೇಕಿತ್ರಿ ಮೊದಲ," ಅಂದು ಫೋನು ಇಟ್ಟೆ. ಮಗ ಟೀವಿಯ ಕಡೆ ಕೈ ಚಾಚಿದ. ನಾನು ಗೋಡೆಯ ಬಟನ್ನೇ ಆರಿಸಿದೆ.

ಆಸ್ಪತ್ರೆಗೆ ಒಯ್ದಾಗ, ಕಣ್ಣು ಮೊದಲಿಗಿಂತ ಹಿಂದೆ ಬಿದ್ದಿದೆ, ಇನ್ನು ತಪ್ಪಿಸಬೇಡಿ ಎಂದು ಹೇಳಿದರು. ಅಂದಿನಿಂದ ಪಟ್ಟಿಯ ಡಬ್ಬಿ ನನ್ನ ಟ್ರಂಕಿನಲ್ಲಿ. ಯಾರೂ ಮುಟ್ಟುವಂತಿಲ್ಲ. ಪಟ್ಟಿ ಹಚ್ಚಿ ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಮೊರದಲ್ಲಿ ಜೋಳ ಹರವುತ್ತಿದ್ದೆ. ಕಲ್ಲುಹರಳು ಆರಿಸು ಎನ್ನುತ್ತಿದ್ದೆ. ಮೊದಮೊದಲು ಅದು ಹರಳು ಬಿಟ್ಟು ಕಾಳನ್ನೇ ಎಸೆಯುತ್ತಿತ್ತು, ಮೊರವನ್ನೇ ಮಗುಚಿ, "ನೀ ಕೆಟ್ಟಾಕಿ, ಉಣಕಲ್ ಆಯಿನ ಛಲೋ" ಎಂದು ಬಾಯಿ ಮಾಡುತ್ತಿತ್ತು. ಚೆಲ್ಲಿದ್ದನ್ನು ಬಳಿದು ಮತ್ತೆ ಹರವುತ್ತಿದ್ದೆ. ಓಣಿಯ ಹೆಂಗಸರು ಕಟ್ಟೆಯ ಮುಂದೆ ನಿಂತು, ಮುದುಕಿಗೆ ಕರುಳಿಲ್ಲ ಎಂದು ಲೊಚಗುಟ್ಟಿ ಹೋಗುತ್ತಿದ್ದರು. ಅವರ ಕಿವಿ ಸೋರುವ ಮಕ್ಕಳು ಅವರ ಬೆನ್ನ ಹಿಂದೆಯೇ ನಿಂತಿರುತ್ತಿದ್ದವು.

ಮಳೆಗಾಲ ಕಳೆದು ಜೋಳ ಹಸನು ಮಾಡುತ್ತ ಕೂತಿದ್ದಾಗ ಅಕ್ಕೋರು ಮತ್ತೆ ಬಂದಳು. "ಆಯೀ, ನಾಳಿ ಡಾಕ್ಟರ್ ಬರ್ತಾರ್ರಿ. ಈಕಿದು ಹೆಂಗೂ ನೋಡ್ಯಾರಲ್ಲ, ಈ ಸಲ ಮನ್ಯಾಗ ಇರಲಿ. ಛಲೋ ಹುಡುಗರನ್ನ ಅಷ್ಟ ಕೂಡಸ್ತೇನಿ."

"ಹಸನ ಮಾಡಿದ ಕಾಳಿಗೆ ಮೊರ ಯಾಕ ಬೇಕ ತಂಗೀ? ಈಕೀನೂ ಬರ್ತಾಳ, ಎದುರು ಮನಿ ಕಿವಿ ಸೋರೂ ಹುಡುಗನೂ ಬರ್ತಾನ. ನಾನ ಕರಕೊಂಡ ಬರ್ತೇನಿ."

ಅಕ್ಕೋರು ಮುಖ ಗಂಟಿಕ್ಕಿ ಇನ್ನೂ ಏನೋ ಹೇಳುವುದರಲ್ಲಿದ್ದಳು. ಅಷ್ಟರಲ್ಲಿ ಹುಡುಗಿ ಮೊರದ ಮೇಲೆ ಬಗ್ಗಿ, ನಾನು ಹಸನು ಮಾಡಿ ಬದಿಗೆ ಸರಿಸಿದ್ದ ಕಾಳಿನೊಳಗೆ ಬೆರಳು ಹಾಕಿ, ಜೋಳದಷ್ಟೇ ಬೆಳ್ಳಗಿದ್ದ ಒಂದು ಹರಳನ್ನು ಎತ್ತಿ ನನ್ನ ಮೂಗಿಗೆ ಹಿಡಿಯಿತು. ಬಲಗಣ್ಣಿನ ಪಟ್ಟಿ ಹಾಗೆಯೇ ಇತ್ತು.

"ಆಯೀ, ನಿನಗ ಕಣ್ಣ ಕಾಣಸಂಗಿಲ್ಲೇನು?"